ಈದ ಹಸು ಯಾಕೆ ನೆಲ ಹಿಡಿಯುತ್ತದೆ? ಸ್ನಾಯು, ಕ್ಯಾಲ್ಸಿಯಂ ಮತ್ತು ಒಂದು ತೂಬಿನ ವಿಷಯ

ಮಂಡ್ಯ ಕಡೆ ಸೀಮೆಹಸು ಸಾಕಿದವರಿಗೆ ಇದು ಹೊಸದಲ್ಲ. ಹಸು ಮೂರನೇ ಸಲವೋ ನಾಲ್ಕನೇ ಸಲವೋ ಕರು ಹಾಕಿದೆ. ಗಿಣ್ಣು ಹಾಲು ಬಕೆಟ್ ತುಂಬ ಬಂದಿದೆ. ಮಾರನೇ ದಿನ ಬೆಳಗ್ಗೆ ಕೊಟ್ಟಿಗೆಗೆ ಹೋದರೆ ಹಸು ಮಲಗಿದೆ, ಎಬ್ಬಿಸಿದರೂ ಏಳುವುದಿಲ್ಲ. ಕತ್ತನ್ನು ಪಕ್ಕಕ್ಕೆ ತಿರುಗಿಸಿ ಹೊಟ್ಟೆಗೆ ಒರಗಿಸಿಕೊಂಡಿದೆ. ಕಿವಿ ತಣ್ಣಗಿದೆ, ಮೂಗು ಒಣಗಿದೆ. ಮೆಲುಕಿಲ್ಲ, ಸಗಣಿ ಇಲ್ಲ. ದನದ ಡಾಕ್ಟ್ರು ಬಂದು ಕತ್ತಿನ ರಕ್ತನಾಳಕ್ಕೆ ನಿಧಾನವಾಗಿ ಒಂದು ಬಾಟ್ಲಿ ಇಳಿಸುತ್ತಾರೆ. ಬಾಟ್ಲಿ ಮುಗಿಯುವ ಹೊತ್ತಿಗೆ ಹಸುವಿನ ಮೈ ಅದುರುತ್ತದೆ, ತೇಗು ಬರುತ್ತದೆ, ಸಗಣಿ ಹಾಕುತ್ತದೆ. ಹೆಚ್ಚಿನ ಹಸುಗಳು ಸ್ವಲ್ಪ ಹೊತ್ತಿಗೆ ಎದ್ದೇ ನಿಲ್ಲುತ್ತವೆ.

ಸಾಯುವಂತಿದ್ದ ಪ್ರಾಣಿಯನ್ನು ಇಷ್ಟು ಬೇಗ ಎಬ್ಬಿಸುವ ಔಷಧಗಳು ಬಹಳ ಕಡಿಮೆ. ಬಾಟ್ಲಿಯಲ್ಲಿ ಇರುವುದು ಕ್ಯಾಲ್ಸಿಯಂ ಬೋರೋಗ್ಲುಕೋನೇಟ್. ಈ ಕಾಯಿಲೆಗೆ ಹಾಲು ಜ್ವರ, ಮಿಲ್ಕ್ ಫೀವರ್ ಎನ್ನುತ್ತಾರೆ. ಆದರೆ ಮೈ ಬಿಸಿ ಇರುವುದಿಲ್ಲ, ಬದಲಿಗೆ ತಣ್ಣಗಾಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇದ್ದಕ್ಕಿದ್ದ ಹಾಗೆ ಕುಸಿದಿರುತ್ತದೆ, ಅದೇ ಕಾಯಿಲೆ.

ಕ್ಯಾಲ್ಸಿಯಂ ಅಂದ ತಕ್ಷಣ ನಮಗೆ ಹೊಳೆಯುವುದು ಮೂಳೆ ಮತ್ತು ಹಲ್ಲು. ಹಸುವಿನ ಮೂಳೆ ಏನೂ ಮುರಿದಿಲ್ಲವಲ್ಲ, ಮತ್ತೆ ಯಾಕೆ ಬಿತ್ತು? ಬಿದ್ದಿದ್ದು ಸ್ನಾಯು ಕೆಲಸ ನಿಲ್ಲಿಸಿದ್ದರಿಂದ. ಸ್ನಾಯುವಿಗೂ ಕ್ಯಾಲ್ಸಿಯಂಗೂ ಇರುವ ಸಂಬಂಧ ಕೊಟ್ಟಿಗೆಯಲ್ಲಿ ಶುರುವಾಗಿ ಆಪರೇಷನ್ ಥಿಯೇಟರ್‌ವರೆಗೂ ಹೋಗುತ್ತದೆ. ಪಶುವೈದ್ಯರು, ಸ್ನಾಯು ವಿಜ್ಞಾನಿಗಳು, ಮನುಷ್ಯರಿಗೆ ಅರಿವಳಿಕೆ ಕೊಡುವ ಡಾಕ್ಟರುಗಳು ಎಲ್ಲರೂ ಸೇರಿ ಬಿಡಿಸಿದ ವಿಷಯ ಇದು. ಒಬ್ಬರೇ ಆಗಿದ್ದರೆ ಬಿಡಿಸಲು ಆಗುತ್ತಿರಲಿಲ್ಲ ಎಂದೇ ನನಗೆ ಅನಿಸುತ್ತದೆ.

ಮೊದಲು ಸ್ನಾಯು ಹೇಗೆ ಎಳೆಯುತ್ತದೆ ಎಂದು ನೋಡೋಣ. ಹಳ್ಳಿಕಾರ್ ಎತ್ತು ಕಬ್ಬಿನ ಗಾಡಿ ಎಳೆಯುವಾಗಲೂ, ನೀವು ಈ ಸಾಲು ಓದುತ್ತಾ ಕಣ್ಣು ಆಡಿಸುವಾಗಲೂ ಒಳಗೆ ನಡೆಯುವುದು ಒಂದೇ. ಸ್ನಾಯುವಿನ ಪ್ರತಿ ಜೀವಕೋಶದಲ್ಲೂ ಎರಡು ತರಹದ ಸಣ್ಣ ಎಳೆಗಳು ಸಾಲಾಗಿ ಜೋಡಿಸಿಕೊಂಡಿರುತ್ತವೆ. ದಪ್ಪನೆಯ ಎಳೆ ಮಯೋಸಿನ್, ತೆಳ್ಳನೆಯ ಎಳೆ ಆಕ್ಟಿನ್. ಮಯೋಸಿನ್‌ಗೆ ಸಣ್ಣ ಸಣ್ಣ ತಲೆಗಳಿವೆ. ಆ ತಲೆಗಳು ಆಕ್ಟಿನ್ ಎಳೆಯನ್ನು ಹಿಡಿದು, ಬಾಗಿ, ಎಳೆದು, ಬಿಟ್ಟು, ಮತ್ತೆ ಮುಂದಕ್ಕೆ ಹಿಡಿಯುತ್ತವೆ. ಎಳೆಗಳು ಸ್ವತಃ ಕುಗ್ಗುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ ಅಷ್ಟೇ. 1954ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬರೆದವು. ಒಂದು ತಂಡದಲ್ಲಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್‌ಗರ್ಕೆ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್. ಇಬ್ಬರು ಹಕ್ಸ್‌ಲಿಗಳೂ ಸಂಬಂಧಿಕರಲ್ಲ.

ಸರಿ, ತಲೆಗಳು ಸದಾ ಎಳೆಯುತ್ತಲೇ ಇದ್ದರೆ? ನಾವು ಮರಗಟ್ಟಿ ನಿಲ್ಲಬೇಕಾಗುತ್ತಿತ್ತು. ಅದಕ್ಕೇ ಆಕ್ಟಿನ್ ಮೇಲೆ ಒಂದು ತಡೆ ಇದೆ. ಕ್ಯಾಲ್ಸಿಯಂ ಬಂದು ಟ್ರೋಪೋನಿನ್ ಎಂಬ ಪ್ರೊಟೀನಿಗೆ ಅಂಟಿದಾಗ ಮಾತ್ರ ಆ ತಡೆ ಸರಿಯುತ್ತದೆ. ಟ್ರೋಪೋನಿನ್ ಕಂಡುಹಿಡಿದವರು ಜಪಾನಿನ ಸೆತ್ಸುರೊ ಎಬಾಶಿ ಮತ್ತು ಅವರ ಸಂಗಡಿಗರು, 1960ರ ದಶಕದಲ್ಲಿ. ಎದೆನೋವು ಎಂದು ಆಸ್ಪತ್ರೆಗೆ ಹೋದರೆ ರಕ್ತದಲ್ಲಿ ‘ಟ್ರೋಪೋನಿನ್’ ಪರೀಕ್ಷೆ ಮಾಡಿಸುತ್ತಾರಲ್ವಾ, ಅದು ಇದೇ ಪ್ರೊಟೀನಿನ ಹೃದಯದ ರೂಪ. ಹೃದಯದ ಸ್ನಾಯು ಒಡೆದಾಗ ರಕ್ತಕ್ಕೆ ಸೋರುತ್ತದೆ.

ಆ ಕ್ಯಾಲ್ಸಿಯಂ ಎಲ್ಲಿಂದ ಬರುತ್ತದೆ ಎನ್ನುವುದೇ ಇಲ್ಲಿ ಮುಖ್ಯ. ಜೀವಕೋಶದ ಒಳಗೇ ಒಂದು ಸಂಗ್ರಹ ಚೀಲವಿದೆ. ನಾಲೆ, ಕೆರೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಚೀಲ ಕೆರೆಯಾದರೆ ಎಳೆಗಳಿರುವ ಜಾಗ ಗದ್ದೆ. ನಡುವೆ ಒಂದು ತೂಬು. ನರದಿಂದ ಸುದ್ದಿ ಬಂದಾಗ ತೂಬು ತೆರೆಯುತ್ತದೆ, ಕ್ಯಾಲ್ಸಿಯಂ ನುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ. ಸುದ್ದಿ ನಿಂತರೆ ತೂಬು ಮುಚ್ಚುತ್ತದೆ. ಆದರೆ ಗದ್ದೆಗೆ ಬಿಟ್ಟಿದ್ದನ್ನು ಇಲ್ಲಿ ಹಾಗೇ ಬಿಡುವಂತಿಲ್ಲ. ಪೂರ್ತಿ ಪಂಪ್ ಮಾಡಿ ಮತ್ತೆ ಕೆರೆಗೇ ತುಂಬಬೇಕು, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಸುಮ್ಮನಿರುವ ಸ್ನಾಯುಕೋಶದ ಒಳಗೆ ಬಿಡಿ ಕ್ಯಾಲ್ಸಿಯಂ ಹೊರಗಿಗಿಂತ ಸುಮಾರು 10,000 ಪಟ್ಟು ಕಡಿಮೆ. ಅಷ್ಟು ಒಣಗಿಸಿ ಇಡುವುದಕ್ಕೆ ಎಟಿಪಿ ಎಂಬ ಶಕ್ತಿಯ ಇಂಧನ ಖರ್ಚಾಗುತ್ತಲೇ ಇರುತ್ತದೆ.

ಬಿಗಿಯುವುದಕ್ಕೆ ಶಕ್ತಿ ಬೇಕು ಎಂದು ಎಲ್ಲರಿಗೂ ಗೊತ್ತು. ಸಡಿಲವಾಗುವುದಕ್ಕೂ ಬೇಕು. ಪಂಪಿಗೆ ಬೇಕು, ಮಯೋಸಿನ್ ತಲೆ ತನ್ನ ಹಿಡಿತ ಬಿಡುವುದಕ್ಕೂ ಎಟಿಪಿಯೇ ಬೇಕು. ಬನ್ನೂರು ಕುರಿ ಕೊಯ್ದ ತಕ್ಷಣ ಮಾಂಸ ಮೆತ್ತಗಿರುತ್ತದೆ. ಕೆಲವು ಗಂಟೆ ಕಳೆದರೆ ಸೆಟೆದು ಗಟ್ಟಿಯಾಗುತ್ತದೆ. ಇಂಧನ ಮುಗಿದಿದೆ, ತಲೆಗಳು ಹಿಡಿದಲ್ಲೇ ಸಿಕ್ಕಿಕೊಂಡಿವೆ. ಮತ್ತೆ ಮೆತ್ತಗಾಗಬೇಕಾದರೆ ಸ್ನಾಯುವಿನದೇ ಕಿಣ್ವಗಳು ಎಳೆಗಳನ್ನು ಹಿಡಿದಿಟ್ಟ ಪ್ರೊಟೀನುಗಳನ್ನು ನಿಧಾನವಾಗಿ ಕತ್ತರಿಸಬೇಕು. ಆ ಕಿಣ್ವಗಳನ್ನು ಚುರುಕು ಮಾಡುವುದೂ ಕ್ಯಾಲ್ಸಿಯಮ್ಮೇ.

ಈಗ ನಮ್ಮ ಹಸುವಿನ ವಿಷಯದಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ. ಕಾಲಿನ ಸ್ನಾಯುವಿಗೆ ತನ್ನದೇ ಕೆರೆ ಇದೆ ಎಂದೆವು. ರಕ್ತದಲ್ಲಿ ಕ್ಯಾಲ್ಸಿಯಂ ಕಮ್ಮಿಯಾದರೂ ಕೆರೆಯಲ್ಲಿ ಇದ್ದೇ ಇರುತ್ತದೆ. ಹಾಗಾದರೆ ಕಾಲು ಯಾಕೆ ಸೋತಿತು?

ಸೋತಿದ್ದು ಸುದ್ದಿ. ನರದ ತುದಿ ಸ್ನಾಯುವನ್ನು ನೇರವಾಗಿ ಮುಟ್ಟಿರುವುದಿಲ್ಲ, ಮಧ್ಯೆ ಒಂದು ಸಣ್ಣ ಸಂದು ಇರುತ್ತದೆ. ಆ ಸಂದಿಗೆ ನರವು ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಅದು ಬಿಡುಗಡೆಯಾಗಬೇಕಾದರೆ ಹೊರಗಿನಿಂದ ನರದ ತುದಿಯ ಒಳಕ್ಕೆ ಕ್ಯಾಲ್ಸಿಯಂ ಹೋಗಬೇಕು. ಹೊರಗೆ ಕ್ಯಾಲ್ಸಿಯಂ ಇಲ್ಲದಿದ್ದರೆ ಅಸಿಟೈಲ್‌ಕೋಲೀನ್ ಸಾಕಷ್ಟು ಬರುವುದಿಲ್ಲ. ತೂಬು ತೆರೆ ಎಂದು ಹೇಳುವವರೇ ಇಲ್ಲ. ಕೆರೆ ತುಂಬಿದ್ದೂ ಗದ್ದೆ ಒಣಗುತ್ತದೆ.

ಹೃದಯ, ಹೊಟ್ಟೆ, ಗರ್ಭಕೋಶದ ಸ್ನಾಯುಗಳ ಲೆಕ್ಕ ಬೇರೆ. ಅವು ಹೊರಗಿನ ಕ್ಯಾಲ್ಸಿಯಂ ಅನ್ನೇ ಜಾಸ್ತಿ ನೆಚ್ಚಿಕೊಂಡಿವೆ. ಅದಕ್ಕೇ ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಸಗಣಿ ಬರುವುದಿಲ್ಲ, ಸತ್ತೆ (ಮಾಸು) ಬೀಳುವುದು ತಡವಾಗುತ್ತದೆ. ಮೊಲೆತೊಟ್ಟಿನ ತುದಿಯನ್ನು ಬಿಗಿಹಿಡಿಯುವ ಸ್ನಾಯುವೂ ಸಡಿಲವಾಗಿ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಒಂದೇ ಕೊರತೆ, ಮೈಯೆಲ್ಲಾ ಹತ್ತು ತರಹದ ತೊಂದರೆ.

ಹೃದಯದ ವಿಷಯ ಮೊದಲು ಹೊಳೆದಿದ್ದು ಲಂಡನ್ನಿನ ಸಿಡ್ನಿ ರಿಂಗರ್ ಎಂಬ ವೈದ್ಯರಿಗೆ. ಅವರು ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನಲ್ಲಿಟ್ಟು ಅದು ಎಷ್ಟು ಹೊತ್ತು ಬಡಿಯುತ್ತದೆ ಎಂದು ನೋಡುತ್ತಿದ್ದರು. ಹೃದಯ ಚೆನ್ನಾಗಿ ಬಡಿಯುತ್ತಿತ್ತು. ಆಮೇಲೆ ತಿಳಿಯಿತು, ದ್ರಾವಣ ಮಾಡಲು ಬಳಸಿದ್ದು ನಲ್ಲಿ ನೀರು. ಶುದ್ಧ ಬಟ್ಟಿ ನೀರಿನಲ್ಲಿ ಮಾಡಿದರೆ ಅದೇ ಹೃದಯ ಸೋತು ನಿಲ್ಲುತ್ತಿತ್ತು. ಲಂಡನ್ನಿನ ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಅದನ್ನು ನಡೆಸುತ್ತಿತ್ತು. 1883ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇವತ್ತು ಆಸ್ಪತ್ರೆಯಲ್ಲಿ ಹಾಕುವ ಆರ್‌ಎಲ್ ಬಾಟ್ಲಿಯ ಪೂರ್ತಿ ಹೆಸರು ರಿಂಗರ್ ಲ್ಯಾಕ್ಟೇಟ್, ಇವರದೇ ಹೆಸರು.

ಹಸುವಿನ ಕಾಯಿಲೆಗೂ ಕ್ಯಾಲ್ಸಿಯಂಗೂ ನಂಟು ಗೊತ್ತಾಗಲು ಇನ್ನೂ ನಲವತ್ತು ವರ್ಷ ಬೇಕಾಯಿತು. ಚಿಕಿತ್ಸೆ ಮಾತ್ರ ಅದಕ್ಕೂ ಮೊದಲೇ ಸಿಕ್ಕಿತ್ತು. 1897ರಲ್ಲಿ ಡೆನ್ಮಾರ್ಕಿನ ಪಶುವೈದ್ಯ ಸ್ಮಿಟ್, ಕೆಚ್ಚಲಿನಲ್ಲಿ ಏನೋ ವಿಷ ಹುಟ್ಟುತ್ತಿದೆ ಎಂದು ಊಹಿಸಿ ಕೆಚ್ಚಲಿಗೆ ಔಷಧ ತುಂಬಿದರು. ಹಸುಗಳು ಬದುಕಿದವು. ಸ್ವಲ್ಪ ವರ್ಷಕ್ಕೆ ಔಷಧವೂ ಬೇಡ, ಕೆಚ್ಚಲಿಗೆ ಬರೀ ಗಾಳಿ ತುಂಬಿದರೂ ಸಾಕು ಎಂದು ಗೊತ್ತಾಯಿತು. ಊಹೆ ತಪ್ಪಾಗಿತ್ತು, ಕೆಲಸ ಸರಿಯಾಗಿತ್ತು. ಗಾಳಿಯ ಒತ್ತಡಕ್ಕೆ ಹಾಲು ಊರುವುದು ನಿಲ್ಲುತ್ತದೆ. ಹಾಲು ನಿಂತರೆ ಅದರ ಜೊತೆ ಹರಿದು ಹೋಗುತ್ತಿದ್ದ ಕ್ಯಾಲ್ಸಿಯಂ ರಕ್ತದಲ್ಲೇ ಉಳಿಯುತ್ತದೆ. 1925ರಲ್ಲಿ ಸ್ಕಾಟ್ಲೆಂಡಿನ ಡ್ರೈಯರ್ ಮತ್ತು ಗ್ರೇಗ್ ಇದು ಕ್ಯಾಲ್ಸಿಯಂ ಕೊರತೆ ಎಂದು ವಾದಿಸಿದರು. ಅಲ್ಲಿಂದ ಬಾಟ್ಲಿಯ ಕಾಲ ಶುರುವಾಯಿತು.

ಲೆಕ್ಕ ನೋಡಿದರೆ ಹಸುವಿನ ಕಷ್ಟ ಇನ್ನೂ ಸ್ಪಷ್ಟವಾಗುತ್ತದೆ. ದೊಡ್ಡ ಹಸುವಿನ ರಕ್ತದಲ್ಲಿ ಯಾವ ಹೊತ್ತಿನಲ್ಲೂ ಇರುವ ಕ್ಯಾಲ್ಸಿಯಂ ಸುಮಾರು 3 ಗ್ರಾಂ ಮಾತ್ರ. ಒಂದು ಲೀಟರ್ ಗಿಣ್ಣು ಹಾಲಿನಲ್ಲಿ ಹೆಚ್ಚು ಕಡಿಮೆ 2 ಗ್ರಾಂ ಹೋಗುತ್ತದೆ. ಮೊದಲ ದಿನ 10 ಲೀಟರ್ ಗಿಣ್ಣು ಕೊಟ್ಟರೆ 20 ಗ್ರಾಂ ಆಯಿತು. ರಕ್ತದಲ್ಲಿ ಇರುವುದರ ಆರೇಳು ಪಟ್ಟನ್ನು ಒಂದೇ ದಿನದಲ್ಲಿ ಎಲ್ಲಿಂದಲೋ ತಂದು ತುಂಬಬೇಕು. ಮೂಳೆಯಲ್ಲಿ ಕಿಲೋಗಟ್ಟಲೆ ಇದೆ, ನಿಜ. ಅದನ್ನು ತೆಗೆಯಲು ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿ ಹಾರ್ಮೋನು ಬಿಡಬೇಕು, ಮೂಳೆ ಮತ್ತು ಮೂತ್ರಪಿಂಡ ಅದಕ್ಕೆ ಓಗೊಡಬೇಕು, ಮೂತ್ರಪಿಂಡ ವಿಟಮಿನ್ ಡಿಯನ್ನು ಚುರುಕಾದ ರೂಪಕ್ಕೆ ತರಬೇಕು, ಕರುಳು ಹೆಚ್ಚು ಹೀರಬೇಕು. ಇದೆಲ್ಲ ಒಂದೆರಡು ದಿನದ ಕೆಲಸ. ಎಳೆ ಹಸುಗಳ ಮೂಳೆ ಬೇಗ ಬಿಟ್ಟುಕೊಡುತ್ತದೆ. ವಯಸ್ಸಾದ ಹಾಗೆ ನಿಧಾನ. ಅದಕ್ಕೇ ಮೊದಲ ಕರುವಿನ ಪಡ್ಡೆಗಳು ಬೀಳುವುದು ಅಪರೂಪ. ಕಡಿಮೆ ಹಾಲಿನ ಹಳ್ಳಿಕಾರ್ ಹಸುವಿಗೆ ಈ ಪಾಡು ಬರುವುದೇ ಕಮ್ಮಿ.

‘ಹಾಗಾದರೆ ಗಬ್ಬದ ಹಸುವಿಗೆ ಮೊದಲಿಂದಲೇ ಚೆನ್ನಾಗಿ ಕ್ಯಾಲ್ಸಿಯಂ ಕೊಟ್ಟರೆ ಆಯಿತಲ್ಲ’ ಎಂದು ಯಾರಿಗಾದರೂ ಅನಿಸುತ್ತದೆ. ಇಲ್ಲೇ ಎಚ್ಚರ ಬೇಕು. ಹಾಲು ಬತ್ತಿಸಿದ ತಿಂಗಳುಗಳಲ್ಲಿ ಹಸುವಿಗೆ ಬೇಕಾಗುವುದು ಸ್ವಲ್ಪವೇ. ಆಗ ಕ್ಯಾಲ್ಸಿಯಂ ಧಾರಾಳವಾಗಿ ಸಿಕ್ಕರೆ ಮೂಳೆಯಿಂದ ತೆಗೆಯುವ ವ್ಯವಸ್ಥೆ ನಿದ್ದೆ ಹೋಗುತ್ತದೆ. ಕರು ಹಾಕಿದ ದಿನ ತಟ್ಟನೆ ಎಬ್ಬಿಸಲು ಆಗುವುದಿಲ್ಲ. ಕರು ಹಾಕುವ ಮುಂಚೆ ಕ್ಯಾಲ್ಸಿಯಂ ಕಡಿಮೆ ಮಾಡಿದರೆ ಹಾಲು ಜ್ವರ ತಡೆಯಬಹುದು ಎಂದು 1954ರಲ್ಲೇ ಬೋಡಾ ಮತ್ತು ಕೋಲ್ ತೋರಿಸಿದ್ದರು.

ಆಮೇಲೆ ಇನ್ನೊಂದು ಸಂಗತಿ ಬಂತು. ಅಮೆರಿಕದ ಅಯೋವಾದಲ್ಲಿ ಜೆಸ್ಸಿ ಗಾಫ್ ಎಂಬ ಪಶುವೈದ್ಯ ಸಂಶೋಧಕರು ರೊನಾಲ್ಡ್ ಹಾರ್ಸ್ಟ್ ಜೊತೆ ಸೇರಿ ಈ ಕಾಯಿಲೆಯ ಹಿಂದೆ ವರ್ಷಗಟ್ಟಲೆ ಬಿದ್ದರು. 1997ರಲ್ಲಿ ಅವರು ಹೇಳಿದ್ದು ಇಷ್ಟು: ಮೇವಿನಲ್ಲಿ ಪೊಟ್ಯಾಸಿಯಂ ಜಾಸ್ತಿಯಾದರೆ ಹಾಲು ಜ್ವರ ಹೆಚ್ಚುತ್ತದೆ, ಅವರ ಪ್ರಯೋಗದಲ್ಲಿ ಕ್ಯಾಲ್ಸಿಯಂ ಹೆಚ್ಚಿಸಿದ್ದರಿಂದ ಅಷ್ಟು ವ್ಯತ್ಯಾಸ ಬರಲಿಲ್ಲ. ಪೊಟ್ಯಾಸಿಯಂ ರಕ್ತವನ್ನು ಸ್ವಲ್ಪ ಕ್ಷಾರದ ಕಡೆಗೆ ಎಳೆಯುತ್ತದೆ. ಹಾಗಾದಾಗ ಮೂಳೆಗೂ ಮೂತ್ರಪಿಂಡಕ್ಕೂ ಪ್ಯಾರಾಥೈರಾಯ್ಡ್ ಹಾರ್ಮೋನಿನ ಕೂಗು ಸರಿಯಾಗಿ ಕೇಳಿಸುವುದಿಲ್ಲ. ಹಾರ್ಮೋನು ಇದೆ, ಕೆಲಸ ಆಗುತ್ತಿಲ್ಲ. ಇದಕ್ಕೆ ಕರು ಹಾಕುವ ಮೂರು ವಾರ ಮುಂಚಿನಿಂದ ರಕ್ತವನ್ನು ತುಸು ಆಮ್ಲದ ಕಡೆಗೆ ತರುವ ಲವಣಗಳನ್ನು ಮೇವಿಗೆ ಸೇರಿಸುತ್ತಾರೆ, ಮೂತ್ರದ ಪಿಎಚ್ ನೋಡಿಕೊಂಡು ಅಳತೆ ಹೊಂದಿಸುತ್ತಾರೆ. ಇದನ್ನು ಪಶುವೈದ್ಯರನ್ನು ಕೇಳದೆ ಮನೆಯಲ್ಲೇ ಮಾಡಲು ಹೋಗಬಾರದು. ಜಾಸ್ತಿಯಾದರೆ ಹಸು ಮೇವೇ ಮುಟ್ಟುವುದಿಲ್ಲ.

ನಮ್ಮ ಸೀಮೆಯ ಮೇವಿಗೆ ಇದು ಚೆನ್ನಾಗಿ ತಾಳೆಯಾಗುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ನಾಲೆ ಬಯಲಲ್ಲಿ ಹಸುವಿಗೆ ಸಿಗುವುದು ಕಬ್ಬಿನ ಸೋಗೆ, ಭತ್ತದ ಹುಲ್ಲು, ಬದುವಿನ ನೇಪಿಯರ್. ಗೊಬ್ಬರ, ನೀರು ಧಾರಾಳವಾಗಿ ಕುಡಿದ ನೇಪಿಯರ್‌ನಲ್ಲಿ ಪೊಟ್ಯಾಸಿಯಂ ಜಾಸ್ತಿ. ಮೂರರಲ್ಲೂ ಆಕ್ಸಲೇಟ್ ಎಂಬ ವಸ್ತು ಇದೆ. ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ಕರುಳಿಗೆ ಸಿಗದಂತೆ ಮಾಡುತ್ತದೆ. ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಅಷ್ಟಿಷ್ಟು ಒಡೆಯುತ್ತವೆ, ಪೂರ್ತಿ ಅಲ್ಲ. ಹಾಲು ಕೊಡುವ ಹಸು ತಿಂಗಳುಗಟ್ಟಲೆ ಬರೀ ಸೋಗೆ, ಭತ್ತದ ಹುಲ್ಲಿನ ಮೇಲೇ ಇದ್ದರೆ ತಿಂದ ಕ್ಯಾಲ್ಸಿಯಂನ ಒಂದು ಪಾಲು ಸಗಣಿಯಲ್ಲೇ ಹೋಗುತ್ತದೆ. ಆದ್ದರಿಂದ ಹಾಲು ಕೊಡುವ ದಿನಗಳಲ್ಲಿ ಖನಿಜ ಮಿಶ್ರಣ ಬಿಡಬಾರದು. ಬತ್ತಿಸಿದ ದಿನಗಳಲ್ಲಿ ಮಾತ್ರ ಲೆಕ್ಕ ಬೇರೆ, ಆಗ ಏನು ಎಷ್ಟು ಎಂದು ಡಾಕ್ಟ್ರನ್ನೇ ಕೇಳಬೇಕು. ಈ ಎರಡು ಕಾಲಗಳ ವ್ಯತ್ಯಾಸ ರೈತರಿಗೆ ಗೊತ್ತಾದರೆ ಎಷ್ಟೋ ಹಸುಗಳು ಬೀಳುವುದು ತಪ್ಪುತ್ತದೆ. ಹಳ್ಳಿಯ ಪ್ರತಿ ಡೈರಿಯ ಗೋಡೆಯ ಮೇಲೆ ಬರೆಸಬೇಕಾದ ಮಾತಿದು.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದೇ ಇಲ್ಲ. ಕ್ಯಾಲ್ಸಿಯಂ ಕಡಿಮೆಯಾಗಿರುತ್ತದೆ, ಆದರೆ ಹಸು ಬೀಳುವುದಿಲ್ಲ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಎರಡನೇ ಕರುವಿನಿಂದಾಚೆಯ ಹಸುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಈ ಸ್ಥಿತಿ ಇತ್ತು. ಅಂಥ ಹಸು ಮೇವು ಕಮ್ಮಿ ತಿನ್ನುತ್ತದೆ, ಹಾಲು ಏರುವುದಿಲ್ಲ. ‘ಈ ಸಲ ಯಾಕೋ ಹಸು ಸರಿಯಾಗಿ ಚೇತರಿಸಿಕೊಳ್ಳಲಿಲ್ಲ’ ಎಂದು ಬಿಟ್ಟುಬಿಡುತ್ತೇವೆ.

ಬಿದ್ದ ಹಸುವಿನ ವಿಷಯದಲ್ಲಿ ಹೊತ್ತು ಬಹಳ ಮುಖ್ಯ. ಐನೂರು ಕಿಲೋ ಮೈ ಒಂದೇ ಕಡೆ ಗಂಟೆಗಟ್ಟಲೆ ಒತ್ತಿದರೆ ಅಡಿಯ ತೊಡೆಗೆ ರಕ್ತ ಹೋಗುವುದಿಲ್ಲ. ಇಂಧನ ಮುಗಿಯುತ್ತದೆ, ಪಂಪ್ ನಿಲ್ಲುತ್ತದೆ, ಸ್ನಾಯುಕೋಶಗಳು ಊದಿ ಸಾಯುತ್ತವೆ. ಆಮೇಲೆ ಎಷ್ಟು ಬಾಟ್ಲಿ ಹಾಕಿದರೂ ಏಳುವುದಿಲ್ಲ, ಯಾಕೆಂದರೆ ಈಗ ಅದು ಕ್ಯಾಲ್ಸಿಯಂ ಕಾಯಿಲೆಯಾಗಿ ಉಳಿದಿಲ್ಲ, ಸ್ನಾಯುವೇ ಕೆಟ್ಟಿದೆ. ಡಾಕ್ಟ್ರು ಬರುವ ತನಕ ಅಡಿಗೆ ದಪ್ಪ ಹುಲ್ಲು ಹಾಸಿ, ಎದೆಯ ಮೇಲೆ ಕೂರುವಂತೆ ಆನಿಸಿ, ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬಾಯಿಗೆ ನೀರು, ಎಣ್ಣೆ ಹೊಯ್ಯಬೇಡಿ. ನುಂಗುವ ಸ್ನಾಯುವೂ ಸೋತಿರುತ್ತದೆ, ಹೊಯ್ದಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಬಾಟ್ಲಿಯನ್ನು ಬೇಗ ಬೇಗ ಇಳಿಸಿ ಎಂದು ಡಾಕ್ಟ್ರಿಗೆ ಅವಸರ ಮಾಡಬೇಡಿ. ಕ್ಯಾಲ್ಸಿಯಂ ಒಮ್ಮೆಲೇ ನುಗ್ಗಿದರೆ ಹೃದಯ ತಾಳ ತಪ್ಪಿ ನಿಂತೇ ಹೋಗಬಹುದು. ಅದಕ್ಕೇ ಅವರು ಎದೆಗೆ ಸ್ಟೆತಸ್ಕೋಪ್ ಇಟ್ಟುಕೊಂಡೇ ಹಾಕುವುದು.

ಇದು ಸುದ್ದಿ ತಲುಪದೆ ತೂಬು ತೆರೆಯದಿದ್ದಾಗ ಆಗುವುದು. ತೂಬು ಮುಚ್ಚದೇ ಹೋದರೆ? ಅಂಥ ಕಾಯಿಲೆಯೂ ಇದೆ. ಅದನ್ನು ಅರ್ಥ ಮಾಡಿಸಿದ್ದು ಹಂದಿ.

1960ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕಾಲು ಮುರಿದ ಒಬ್ಬ ಯುವಕ ಆಸ್ಪತ್ರೆಗೆ ಬಂದ. ಅವನಿಗೆ ಕಾಲಿಗಿಂತ ಅರಿವಳಿಕೆಯದೇ ಭಯ. ಅವನ ಸಂಬಂಧಿಕರಲ್ಲಿ ಹತ್ತು ಮಂದಿ ಈಥರ್ ಕೊಟ್ಟಾಗ ಸತ್ತಿದ್ದರು. ಡಾಕ್ಟರುಗಳು ಈಥರ್ ಬಿಟ್ಟು ಆಗ ಹೊಸದಾಗಿದ್ದ ಹ್ಯಾಲೋಥೇನ್ ಕೊಟ್ಟರು. ಅವನ ಮೈಯೂ ಕಾದಿತು. ಕೂಡಲೇ ನಿಲ್ಲಿಸಿ ಮಂಜುಗಡ್ಡೆ ಇಟ್ಟು ತಣ್ಣಗೆ ಮಾಡಿದರು, ಬದುಕಿಕೊಂಡ. ಮೈಕೇಲ್ ಡೆನ್‌ಬರೋ ಮತ್ತು ಲೊವೆಲ್ ಇದನ್ನು ಪ್ರಕಟಿಸಿದರು. ಈ ಕಾಯಿಲೆಗೆ ಮುಂದೆ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಎಂದು ಹೆಸರಾಯಿತು. ಅರಿವಳಿಕೆಯ ಅನಿಲ ತಾಗಿದ ಕೂಡಲೇ ಮೈಯ ಸ್ನಾಯುಗಳೆಲ್ಲ ತಾವಾಗಿ ಬಿಗಿದು ಬೆಂಕಿಯಾಗುತ್ತವೆ.

ಅದೇ ಕಾಲದಲ್ಲಿ ಯುರೋಪು, ಅಮೆರಿಕದ ಹಂದಿ ಸಾಕುವವರಿಗೆ ಬೇರೆ ತಲೆನೋವು. ಕೊಬ್ಬು ಕಡಿಮೆ, ಮಾಂಸ ಜಾಸ್ತಿ ಬರಲಿ ಎಂದು ಆರಿಸಿ ಆರಿಸಿ ಬೆಳೆಸಿದ ಪಿಯೆಟ್ರೇನ್, ಲ್ಯಾಂಡ್‌ರೇಸ್ ತಳಿಗಳಲ್ಲಿ ಕೆಲವು ಹಂದಿಗಳು ಲಾರಿಗೆ ಹತ್ತಿಸಿದರೆ ಸಾಕು, ಮೈ ಸೆಟೆದು, ಕಾದು ಸಾಯುತ್ತಿದ್ದವು. ಅವುಗಳ ಮಾಂಸ ಪೇಲವವಾಗಿ ನೀರು ಬಿಡುತ್ತಿತ್ತು. ಅಂಥ ಹಂದಿಗೆ ಹ್ಯಾಲೋಥೇನ್ ಕೊಟ್ಟರೆ ಆ ಯುವಕನಿಗೆ ಆದದ್ದೇ ಆಗುತ್ತಿತ್ತು. ಸಾಕುವವರಿಗೆ ನಷ್ಟ ತಂದಿದ್ದ ಹಂದಿ ಮನುಷ್ಯರ ಡಾಕ್ಟರಿಗೆ ದಾರಿ ತೋರಿಸಿತು. 1975ರಲ್ಲಿ ದಕ್ಷಿಣ ಆಫ್ರಿಕಾದ ಗೈಸ್‌ಫರ್ಡ್ ಹ್ಯಾರಿಸನ್ ಇಂಥ ಹಂದಿಗಳ ಮೇಲೆ ಡ್ಯಾಂಟ್ರೊಲೀನ್ ಎಂಬ ಔಷಧ ಪ್ರಯೋಗಿಸಿ ಅವನ್ನು ಬದುಕಿಸಿದರು. ಡ್ಯಾಂಟ್ರೊಲೀನ್ ತೂಬಿನಿಂದ ಕ್ಯಾಲ್ಸಿಯಂ ಹೊರಬರುವುದನ್ನು ತಡೆಯುತ್ತದೆ. ಹಿಂದೆ ಈ ಕಾಯಿಲೆ ಬಂದವರಲ್ಲಿ ಸುಮಾರು 100ಕ್ಕೆ 80 ಮಂದಿ ಸಾಯುತ್ತಿದ್ದರು. ಔಷಧವೂ ಎಚ್ಚರದ ನಿಗಾವೂ ಇರುವ ಕಡೆ ಈಗ ಅದು 5ಕ್ಕಿಂತ ಕೆಳಗೆ ಇಳಿದಿದೆ.

ದೋಷ ಎಲ್ಲಿದೆ ಎಂದು 1991ರಲ್ಲಿ ಟೊರೊಂಟೊದ ಡೇವಿಡ್ ಮ್ಯಾಕ್‌ಲೆನನ್ ತಂಡ ತೋರಿಸಿತು. ತೂಬಿನ ನಿಜ ಹೆಸರು ರಯನೊಡಿನ್ ರಿಸೆಪ್ಟರ್. 5,000ಕ್ಕೂ ಹೆಚ್ಚು ಅಮೈನೋ ಆಮ್ಲಗಳ ದೈತ್ಯ ಪ್ರೊಟೀನ್ ಅದು. ಹಂದಿಯಲ್ಲಿ 615ನೇ ಜಾಗದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ಕೆಲವು ಮನುಷ್ಯ ಕುಟುಂಬಗಳಲ್ಲಿ ಬದಲಾಗಿದ್ದು 614ನೆಯದು, ಎರಡೂ ಒಂದೇ ಜಾಗ. ಅಷ್ಟು ಸಣ್ಣ ಬದಲಾವಣೆಗೆ ತೂಬು ಸಡಿಲವಾಗಿ, ಕೆಣಕಿದರೆ ಮುಚ್ಚಿಕೊಳ್ಳುವುದಿಲ್ಲ. ಕ್ಯಾಲ್ಸಿಯಂ ಸೋರುತ್ತದೆ, ತಲೆಗಳು ಎಳೆಯುತ್ತವೆ, ಪಂಪುಗಳು ವಾಪಸ್ ತುಂಬಲು ಒದ್ದಾಡುತ್ತವೆ. ಎರಡಕ್ಕೂ ಎಟಿಪಿ ಸುಡುತ್ತದೆ. ಮೈ ಕಾಯುವುದು ಇದರಿಂದ. ಹಂದಿ ಸಾಕಣೆಯಲ್ಲಿ ಆಮೇಲೆ ಡಿಎನ್‌ಎ ಪರೀಕ್ಷೆ ಮಾಡಿ ಈ ದೋಷವಿರುವ ಹಂದಿಗಳನ್ನು ತಳಿಯಿಂದ ಬಿಡುತ್ತಾ ಬಂದರು. ನಮ್ಮ ಕಡೆ ಸಾಕುವ ಬಿಳಿ ಯಾರ್ಕ್‌ಶೈರ್‌ನಲ್ಲಿ ಇದು ಮೊದಲಿಂದಲೂ ಕಡಿಮೆ.

ಹಂದಿಗೆ ತಂದೆ, ತಾಯಿ ಇಬ್ಬರಿಂದಲೂ ದೋಷ ಬಂದರೆ ಕಾಯಿಲೆ. ಮನುಷ್ಯರಿಗೆ ಒಬ್ಬರಿಂದ ಬಂದರೂ ಸಾಕು. ಅಂದರೆ ಅಪ್ಪನಿಗೋ ಅಮ್ಮನಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕೆ ಅರ್ಧ. ಅಂಥವರು ಹೊಲದಲ್ಲಿ ದುಡಿಯುತ್ತಾರೆ, ಓಡುತ್ತಾರೆ, ಏನೂ ಗೊತ್ತಾಗುವುದಿಲ್ಲ. ಒಮ್ಮೆ ಅರಿವಳಿಕೆ ಸಲೀಸಾಗಿ ಆಗಿಹೋಗಿದ್ದರೂ ಮುಂದಿನ ಸಲ ಕಾಯಿಲೆ ಕಾಣಿಸಿಕೊಳ್ಳಬಹುದು. ಹಾಗಾಗಿ ನಿಮ್ಮ ಮನೆಯಲ್ಲಿ, ಅಜ್ಜನ ಕಾಲದಲ್ಲೇ ಆಗಲಿ, ಚಿಕ್ಕಪ್ಪನ ಮಕ್ಕಳಲ್ಲೇ ಆಗಲಿ, ಯಾರಾದರೂ ಆಪರೇಷನ್ ಟೇಬಲ್ ಮೇಲೆ ಇದ್ದಕ್ಕಿದ್ದಂತೆ ಮೈ ಕಾದು, ಸೆಟೆದು ತೀರಿಕೊಂಡಿದ್ದರೆ ಅಥವಾ ಬದುಕಿ ಉಳಿದಿದ್ದರೆ, ನಿಮ್ಮ ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರಿಗೆ ಅದನ್ನು ತಪ್ಪದೆ ಹೇಳಿ. ಅವರು ಕೇಳದಿದ್ದರೂ ಹೇಳಿ. ಹ್ಯಾಲೋಥೇನ್, ಐಸೋಫ್ಲುರೇನ್, ಸೆವೋಫ್ಲುರೇನ್ ಅನಿಲಗಳನ್ನೂ ಸ್ನಾಯು ಸಡಿಲಿಸಲು ಕೊಡುವ ಸಕ್ಸಾಮಿಥೋನಿಯಂ ಇಂಜೆಕ್ಷನ್ನನ್ನೂ ಬಿಟ್ಟು ಮಾಡುವ ದಾರಿಗಳು ಅವರ ಬಳಿ ಇವೆ. ರಕ್ತನಾಳಕ್ಕೆ ಪ್ರೊಪೋಫಾಲ್ ಎಂಬ ಅರಿವಳಿಕೆ ಕೊಡಬಹುದು, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಬಹುದು.